ಸೊರಬ: ದಂಡಾವತಿಯ ದಡ, ಕೆಂಪುಕಲ್ಲಿನ ನೆಲ

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಸೊರಬವು ದಂಡಾವತಿ ನದಿಯ ಬಲದಂಡೆಯ ಮೇಲಿರುವ ಸಣ್ಣ ಪಟ್ಟಣ. ಸುರಭಿಪುರ ಎಂಬುದೇ ಸೊರಬವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ದಂಡಾವತಿಯು ವರದಾ ನದಿಯನ್ನು ಸೇರಿದರೆ, ನೆರೆಯ ಶಿಕಾರಿಪುರದ ಕುಮುದ್ವತಿ ಬೇರೆ ದಾರಿ ಹಿಡಿಯುತ್ತದೆ. ಎರಡೂ ನೀರು ಕೊನೆಗೆ ತುಂಗಭದ್ರೆಯ ಪಾಲು. ಶಿಕಾರಿಪುರಕ್ಕೆ ಬಳ್ಳಿಗಾವಿ, ತಾಳಗುಂದಗಳ ಶಾಸನಕೀರ್ತಿ ಇದೆ. ಸೊರಬಕ್ಕೆ ಬರುವವರನ್ನು ಸೆಳೆಯುವುದು ಹೆಚ್ಚಾಗಿ ಹಕ್ಕಿ ಮತ್ತು ಬೆಟ್ಟ.

ಪಟ್ಟಣದಿಂದ ಸುಮಾರು ೧೬ ಕಿ.ಮೀ. ದೂರದ ಗುಡವಿ ಕೆರೆ ೧೯೮೯ರಲ್ಲಿ ಪಕ್ಷಿಧಾಮವಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಬಂದು ನೀರಿನ ನಡುವಣ ಮರಗಳಲ್ಲಿ ಗೂಡು ಕಟ್ಟುತ್ತವೆ. ಬುಡದಲ್ಲಿ ನೀರು ನಿಂತಿದ್ದರಷ್ಟೇ ಮೊಟ್ಟೆ, ಮರಿಗಳಿಗೆ ರಕ್ಷಣೆ. ಮಳೆ ಕೈಕೊಟ್ಟ ವರ್ಷ ದೂರದಿಂದ ಬಂದ ಪ್ರವಾಸಿಗ ಬರಿಗೈಯಲ್ಲಿ ಮರಳಬೇಕಾದೀತು.

ಚಂದ್ರಗುತ್ತಿಯ ಬೆಟ್ಟದಲ್ಲಿ ಹಳೆಯ ಕೋಟೆಯೂ ರೇಣುಕಾಂಬೆಯ ಗುಹಾದೇಗುಲವೂ ಇವೆ. ೧೯೮೬ರ ಘರ್ಷಣೆಯ ಬಳಿಕ ಇಲ್ಲಿನ ಬೆತ್ತಲೆ ಸೇವೆಯನ್ನು ಸರ್ಕಾರ ನಿಷೇಧಿಸಿತು. ಇಂದಿನ ಚಾರಣಿಗರಿಗೆ ಕೋಟೆಯೇ ಮುಖ್ಯ.

ಗಣಿ ಎಂದೊಡನೆ ಬಳ್ಳಾರಿಯ ಅದಿರನ್ನು ನೆನೆಯುವವರಿಗೆ ಸೊರಬದ ಗಣಿ ಗಣಿಯೆಂದೇ ಅನಿಸಲಿಕ್ಕಿಲ್ಲ. ಇಲ್ಲಿ ಅಗೆಯುವುದು ಜಂಬಿಟ್ಟಿಗೆ, ಅಂದರೆ ಕೆಂಪುಕಲ್ಲು. ಲಕ್ಷಾಂತರ ವರ್ಷಗಳ ಮಳೆಗೆ ಬಂಡೆಯ ಇತರ ಅಂಶಗಳು ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದ ಪದರ ಇದು. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ; ಮಲೆನಾಡಿನ ಗೋಡೆಗಳು ಎದ್ದದ್ದು ಈ ಗುಣದಿಂದಲೇ. ೧೮೦೧ರಲ್ಲಿ ಬನವಾಸಿ, ಚಂದ್ರಗುತ್ತಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿತ್ತನು. ಆದರೆ ಆತನಿಗೆ ಆ ಹೆಸರು ಹೊಳೆದದ್ದು ಮಲಬಾರಿನಲ್ಲಿ.

ಹಿಂದೆ ಕೈಯಿಂದ ಕಡಿಯುತ್ತಿದ್ದ ಕಲ್ಲನ್ನು ಈಗ ಯಂತ್ರದ ಗರಗಸ ಕೊಯ್ಯುತ್ತದೆ. ಮನೆ ಕಟ್ಟುವವರಿಗೆ ಇದು ಅಗ್ಗದ ಸಾಮಗ್ರಿ, ಕೂಲಿಕಾರರಿಗೆ ಬೇಸಿಗೆಯ ಅನ್ನ. ತೊಡಕಿರುವುದು ಬೇರೆಡೆ. ರಂಧ್ರಮಯವಾದ ಈ ಪದರವೇ ಮಳೆನೀರನ್ನು ಹಿಡಿದಿಟ್ಟು ಬಾವಿ, ಕೆರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಲ್ಲು ಹೋದಲ್ಲಿ ಆ ಸಂಗ್ರಹವೂ ಹೋಗುತ್ತದೆ. ಉಳಿಯುವುದು ಕಡಿದಾದ ಅಂಚಿನ ಹೊಂಡ. ಮಳೆಗಾಲದಲ್ಲಿ ಅದು ತುಂಬಿದರೆ ದನಕರುಗಳಿಗೂ ಮಕ್ಕಳಿಗೂ ಅಪಾಯ. ಪರವಾನಗಿಯಿಲ್ಲದ ಕಟಾವಿನ ದೂರುಗಳು ಸಾಗರ, ಸೊರಬ ಭಾಗದಲ್ಲಿ ಹಲವು ಬಾರಿ ಕೇಳಿಬಂದಿವೆ. ಪರವಾನಗಿ ಪಡೆದವರೂ ಹೊಂಡ ಮುಚ್ಚುವ ಷರತ್ತನ್ನು ಪಾಲಿಸಿದರೆಂದು ಹೇಗೆ ಖಾತ್ರಿಪಡಿಸುವುದು ಎಂಬುದು ಕಾನೂನಿಗಿಂತ ಕಷ್ಟದ ಪ್ರಶ್ನೆ.

ಸೊರಬದ ಇನ್ನೊಂದು ಹೆಸರುವಾಸಿ ಗುಡಿಗಾರರ ಶ್ರೀಗಂಧದ ಕೆತ್ತನೆ. ಖಾಸಗಿ ಜಮೀನಿನ ಗಂಧದ ಮರವೂ ಸರ್ಕಾರದ ಸ್ವತ್ತೆಂಬ ನಿಯಮ ೨೦೦೧ರ ತಿದ್ದುಪಡಿಯವರೆಗೆ ಇತ್ತು. ಮರ ವಿರಳವಾದಂತೆ ಕುಶಲಕರ್ಮಿಗಳು ಶಿವನೆಯಂತಹ ಬೇರೆ ಮರಗಳಿಗೂ ಕೈಹಾಕಿದ್ದಾರೆ.

ಹತ್ತಿರದ ರೈಲು ನಿಲ್ದಾಣ ಸಾಗರ. ಗುಡವಿಗೆ ಹೋಗುವವರು ಮಳೆಗಾಲದಲ್ಲಿ ಅಥವಾ ಅದು ಮುಗಿದ ಮೊದಲ ತಿಂಗಳುಗಳಲ್ಲಿ, ಬೆಳಗಿನ ಹೊತ್ತಿಗೆ ಹೋಗುವುದು ಒಳ್ಳೆಯದು. ಬನವಾಸಿಯನ್ನೂ ಅದೇ ದಿನ ನೋಡಿ ಬರಬಹುದು.