ಕ್ರಿಸ್‌ಮಸ್‌ಗೆ ಕೊಬ್ಬಿಸಿದ ಹುಂಜ

ಎಳೆಯದರಲ್ಲೇ ಬೀಜ ತೆಗೆದು, ತಿಂಗಳುಗಟ್ಟಲೆ ಮೇಯಿಸಿ, ಮಾಂಸಕ್ಕೆಂದೇ ಬೆಳೆಸುವ ಹುಂಜಕ್ಕೆ ಕೇಪನ್ ಎಂದು ಹೆಸರು. ಹೋರಿಯನ್ನು ಎತ್ತು ಮಾಡುವ ಹಾಗೆಯೇ ಇದೂ. ಆದರೆ ಹೋರಿಯ ಬೀಜ ಹೊರಗೆ ಜೋತಿರುತ್ತದೆ, ಹುಂಜದ್ದು ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯಲು ಪಕ್ಕೆಯನ್ನೇ ಸೀಳಬೇಕು. ಇಷ್ಟು ನಾಜೂಕಿನ ಕೆಲಸವನ್ನು ಯುರೋಪಿನ ಸಣ್ಣ ರೈತರು, ಹಲವೆಡೆ ಮನೆಯ ಹೆಂಗಸರೇ, ಶತಮಾನಗಳ ಕಾಲ ಹಿತ್ತಿಲಲ್ಲಿ ಮಾಡಿಕೊಂಡು ಬಂದರು.

ಅದಕ್ಕೆ ಕಾರಣ ಸರಳ. ಕಾವಿಗಿಟ್ಟ ಮೊಟ್ಟೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗುತ್ತವೆ. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಉಳಿದವು ಕಾಳು ತಿಂದು, ಕಾದಾಡಿ, ಹೇಂಟೆಗಳನ್ನು ಗೋಳು ಹೊಯ್ದುಕೊಳ್ಳುತ್ತವೆ. ಎಳೆಯವಿದ್ದಾಗ ಕೊಯ್ದರೆ ಮೈಯಲ್ಲಿ ಮಾಂಸವಿಲ್ಲ, ಬಲಿತ ಮೇಲೆ ಕೊಯ್ದರೆ ಮಾಂಸ ನಾರು. ಬೀಜ ತೆಗೆದ ಹುಂಜಕ್ಕೆ ಈ ಎರಡು ತೊಂದರೆಯೂ ಇಲ್ಲ. ಜಗಳ ಮರೆತು ತಿಂದದ್ದನ್ನೆಲ್ಲ ಮೈಗೆ ಹಾಕಿಕೊಳ್ಳುತ್ತದೆ, ಕೊಬ್ಬು ಚರ್ಮದಡಿಯಲ್ಲಷ್ಟೇ ನಿಲ್ಲದೆ ಮಾಂಸದ ಎಳೆಗಳ ನಡುವೆಯೂ ಸೇರುತ್ತದೆ. ವಸಂತದಲ್ಲಿ ಒಡೆದ ಮರಿಗೆ ಬೇಸಿಗೆಯಲ್ಲಿ ಬೀಜ ತೆಗೆದು, ಸುಗ್ಗಿಯ ನಂತರದ ಕಾಳಿನಲ್ಲಿ ಕೊಬ್ಬಿಸಿದರೆ ಡಿಸೆಂಬರ್ ಹೊತ್ತಿಗೆ ಹದಕ್ಕೆ ಬರುತ್ತದೆ. ಆ ಚಳಿಯಲ್ಲಿ ಕೊಯ್ದ ಮಾಂಸ ಬೇಗ ಕೆಡುವುದಿಲ್ಲ, ಹಬ್ಬವೂ ಎದುರಿಗಿರುತ್ತದೆ. ಕೇಪನ್ ಕ್ರಿಸ್‌ಮಸ್ ಊಟಕ್ಕೆ ಸೇರಿದ್ದರಲ್ಲಿ ರುಚಿಯಷ್ಟೇ ಪಾಲು ಈ ಪಂಚಾಂಗಕ್ಕೂ ಸಲ್ಲಬೇಕು.

ರೂಢಿ ಎಷ್ಟು ಹಳೆಯದು ಎಂಬುದಕ್ಕೆ ಅರಿಸ್ಟಾಟಲನ ಸಾಕ್ಷಿಯಿದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಅವನು ಹುಂಜದ ಹಿಂಭಾಗವನ್ನು ಕಾಯಿಸಿದ ಕಬ್ಬಿಣದಿಂದ ಸುಡುವ ಕ್ರಮವನ್ನು ವರ್ಣಿಸಿದ್ದಾನೆ. ಆಮೇಲೆ ಜುಟ್ಟು ಬಿಳಿಚಿಕೊಳ್ಳುತ್ತದೆ, ಕೂಗು ನಿಲ್ಲುತ್ತದೆ, ಹೇಂಟೆಯ ಗೊಡವೆ ಬಿಡುತ್ತದೆ ಎಂದು ಗುರುತಿಸಿದ್ದಾನೆ. ಕೇಪನ್ ರೋಮನ್ನರ ಚಾಲಾಕಿತನದಿಂದ ಹುಟ್ಟಿತು ಎಂಬ ಜನಪ್ರಿಯ ಕತೆಯನ್ನು ಇದರ ಪಕ್ಕದಲ್ಲಿಟ್ಟೇ ನೋಡಬೇಕು. ಕ್ರಿ.ಪೂ. 161ರಲ್ಲಿ ಬಂದ ಫಾನಿಯಸ್ ಕಾನೂನು ಊಟದ ದುಂದುವೆಚ್ಚಕ್ಕೆ ಕಡಿವಾಣ ಹಾಕಿ, ಕೊಬ್ಬಿಸದ ಒಂದೇ ಒಂದು ಹೇಂಟೆಯನ್ನಷ್ಟೇ ಬಡಿಸಬಹುದು ಎಂದಿತು. ಜನ ಹೇಂಟೆಯ ಬದಲು ಹುಂಜಕ್ಕೆ ಹಾಲಿನಲ್ಲಿ ನೆನೆಸಿದ ಆಹಾರ ತಿನ್ನಿಸಿ ಕಾನೂನಿನಿಂದ ನುಣುಚಿಕೊಂಡರೆಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಅಲ್ಲಿ ಬೀಜ ತೆಗೆದ ಮಾತೇ ಇಲ್ಲ. ಕಾನೂನಿಗೂ ಮೊದಲೇ ಗ್ರೀಕರಿಗೆ ವಿದ್ಯೆ ಗೊತ್ತಿದ್ದುದರಿಂದ ಕತೆ ಚಂದ, ಕಾಲಗಣನೆ ಮಾತ್ರ ಕೂಡುವುದಿಲ್ಲ.

ರೋಮಿನ ಕೃಷಿ ಲೇಖಕರು ಇನ್ನೊಂದು ವಿಚಿತ್ರ ವಿಧಾನವನ್ನು ದಾಖಲಿಸಿದ್ದಾರೆ. ಕ್ರಿ.ಪೂ. 37ರಲ್ಲಿ ಕೃಷಿಗ್ರಂಥ ಬರೆದ ವಾರೋ ಹುಂಜದ ಕಾಲಿನ ಕೆಳಭಾಗವನ್ನು ಕಾದ ಕಬ್ಬಿಣದಿಂದ ಸುಟ್ಟು ಕುಂಬಾರರ ಮಣ್ಣು ಮೆತ್ತಬೇಕೆನ್ನುತ್ತಾನೆ. ಮುಂದಿನ ಶತಮಾನದ ಕೊಲುಮೆಲ್ಲಾ ಕೂಡ ಕಾಲಿನ ಮುಳ್ಳು ಸುಟ್ಟರೆ ಹುಂಜತನ ಹೋಗುತ್ತದೆ ಎಂದೇ ನಂಬಿದ್ದ. ಹೋಗುವುದಿಲ್ಲ. ಮುಳ್ಳಿಗೂ ಬೀಜಕ್ಕೂ ಅಂಥ ಸಂಬಂಧವಿಲ್ಲ, ಬೀಜ ತೆಗೆದ ಹುಂಜಕ್ಕೂ ಮುಳ್ಳು ಬೆಳೆಯುತ್ತದೆ. ಕೆಲಸ ಬಲ್ಲವರು ಪುಸ್ತಕ ಬರೆಯಲಿಲ್ಲ, ಪುಸ್ತಕ ಬರೆದವರು ಕೋಳಿ ಹಿಡಿಯಲಿಲ್ಲ ಎಂದೇ ಊಹಿಸಬೇಕು.

ಮಧ್ಯಯುಗದ ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಕೇಪನ್ ಒಂದು ಬಗೆಯ ನಾಣ್ಯವೇ ಆಗಿತ್ತು. ಗೇಣಿದಾರರು ಕ್ರಿಸ್‌ಮಸ್ ವೇಳೆಗೆ ಒಡೆಯನಿಗೆ ಗೇಣಿಯ ಭಾಗವಾಗಿ ಇಂತಿಷ್ಟು ಕೇಪನ್ ಒಪ್ಪಿಸಬೇಕಿತ್ತು. ಸಾಕಿದವನ ಪಾಲಿಗೆ ಅದು ತಿನ್ನುವ ವಸ್ತುವಲ್ಲ, ತೆರುವ ವಸ್ತು. ಇಟಲಿಯ ಮಂಜೋನಿ 1827ರಲ್ಲಿ ಪ್ರಕಟಿಸಿದ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿಯಲ್ಲಿ ಹಳ್ಳಿಯ ಯುವಕ ರೆಂಜೋ ತನ್ನ ಮದುವೆಯೂಟಕ್ಕಿಟ್ಟಿದ್ದ ನಾಲ್ಕು ಕೇಪನ್‌ಗಳನ್ನು ಕಾಲು ಕಟ್ಟಿ, ತಲೆಕೆಳಗಾಗಿ ಹಿಡಿದು ವಕೀಲನ ಮನೆಗೆ ಒಯ್ಯುತ್ತಾನೆ. ದಾರಿಯುದ್ದಕ್ಕೂ ಅವು ಒಂದನ್ನೊಂದು ಕುಕ್ಕುತ್ತವೆ. ಕಥೆ ನಡೆಯುವುದು 1628ರ ಲೊಂಬಾರ್ಡಿಯಲ್ಲಿ. ದೊಡ್ಡವರ ಬಾಗಿಲಿಗೆ ಬರಿಗೈಯಲ್ಲಿ ಹೋಗಬಾರದೆಂಬ ಬಡವನ ಲೆಕ್ಕದಲ್ಲಿ ಕೇಪನ್‌ಗೆ ಎಂಥ ಬೆಲೆಯಿತ್ತೆಂಬುದು ಇದರಲ್ಲಿ ಕಾಣುತ್ತದೆ.

ವಿಧಾನದ ವಿವರವಾದ ದಾಖಲೆ ಸಿಗುವುದು ಅಮೆರಿಕದಲ್ಲಿ. ಅಲ್ಲಿನ ಕೃಷಿ ಇಲಾಖೆ 1917ರಲ್ಲಿ ರೈತರಿಗಾಗಿ ಕೇಪನ್ ಕುರಿತೇ ಒಂದು ಕೈಪಿಡಿ ಹೊರಡಿಸಿತು. ಫಿಲಡೆಲ್ಫಿಯಾದ ತಯಾರಕರು ಇದಕ್ಕೆಂದೇ ಸಲಕರಣೆಗಳ ಪೆಟ್ಟಿಗೆ ಮಾರುತ್ತಿದ್ದರು. ಎರಡು ಮೂರು ತಿಂಗಳ ಹುಂಜಮರಿಗೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕಾಳು ನೀರು ಕೊಡದೆ ಕರುಳು ಖಾಲಿ ಮಾಡಿಸುತ್ತಿದ್ದರು. ತುಂಬಿದ ಕರುಳು ಕಣ್ಣಿಗೆ ಅಡ್ಡ ಬರುತ್ತದೆ. ಕವುಚಿ ಹಾಕಿದ ಪೀಪಾಯಿಯ ಮೇಲೆ ಹಕ್ಕಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ರೆಕ್ಕೆಗೂ ಕಾಲಿಗೂ ದಾರ ಕಟ್ಟಿ, ದಾರದ ತುದಿಗೆ ತೂಕ ಜೋತುಬಿಟ್ಟರೆ ಅದು ಮಿಸುಕುವುದಿಲ್ಲ. ಕೊನೆಯ ಎರಡು ಪಕ್ಕೆಲುಬುಗಳ ನಡುವೆ ಪುಕ್ಕ ಕಿತ್ತು, ಚರ್ಮವನ್ನು ಪಕ್ಕಕ್ಕೆಳೆದು ಸೀಳಿ, ಪಕ್ಕೆಲುಬುಗಳನ್ನು ಚಿಮಟದಿಂದ ಅಗಲಿಸಿ, ಒಳಗಿನ ತೆಳು ಪೊರೆ ಹರಿದರೆ ಬೆನ್ನೆಲುಬಿನ ಬುಡದಲ್ಲಿ ಕಾಳಿನಷ್ಟು ದೊಡ್ಡದಾದ ಹಳದಿ ಬೀಜ ಕಾಣುತ್ತದೆ. ಅದರ ಪಕ್ಕದಲ್ಲೇ ದೊಡ್ಡ ರಕ್ತನಾಳ. ನಾಳ ಹರಿದರೆ ಹಕ್ಕಿ ಅಲ್ಲೇ ಸಾಯುತ್ತದೆ, ಆ ದಿನದ ಅಡುಗೆಗೆ ಹೋಗುತ್ತದೆ. ಹೊಲಿಗೆಯ ಗೊಡವೆಯಿಲ್ಲ: ಎಳೆದಿದ್ದ ಚರ್ಮ ಬಿಟ್ಟ ಕೂಡಲೇ ಜಾರಿ ಗಾಯವನ್ನು ಮುಚ್ಚುತ್ತದೆ. ಬೀಜದ ಚೂರೊಂದು ಒಳಗೇ ಉಳಿದರೆ ಮಾತ್ರ ಪಡಿಪಾಟಲು. ಅದೇ ಮತ್ತೆ ಬೆಳೆದು ಹುಂಜ ಕೆಂಪು ಜುಟ್ಟು ಬಿಟ್ಟು ಕೂಗತೊಡಗುತ್ತದೆ, ಅತ್ತ ಹುಂಜವೂ ಅಲ್ಲ ಇತ್ತ ಕೇಪನ್ನೂ ಅಲ್ಲದ ಈ ಹಕ್ಕಿಗೆ ಪೇಟೆಯಲ್ಲಿ ಕಡಿಮೆ ಬೆಲೆ.

ವಿಜ್ಞಾನಕ್ಕೂ ಈ ಹಕ್ಕಿಯ ಋಣವಿದೆ. 1849ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಆರು ಹುಂಜಮರಿಗಳ ಮೇಲೆ ಪ್ರಯೋಗ ನಡೆಸಿದ. ಬೀಜ ತೆಗೆದು ಹಾಗೇ ಬಿಟ್ಟವು ಕೇಪನ್ ಆದವು. ತೆಗೆದ ಬೀಜವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟವು ಜುಟ್ಟು ಬೆಳೆಸಿ ಕೂಗಿದವು. ನರದ ಸಂಪರ್ಕ ಕಡಿದರೂ ಪರಿಣಾಮ ಉಳಿದದ್ದರಿಂದ, ಬೀಜದಿಂದ ಏನೋ ಒಂದು ರಕ್ತದ ಮೂಲಕ ಮೈಗೆಲ್ಲ ಹರಡುತ್ತದೆ ಎಂದು ಅವನು ತೀರ್ಮಾನಿಸಿದ. ಹಾರ್ಮೋನ್ ಅಧ್ಯಯನದ ಆರಂಭವನ್ನು ಇಲ್ಲಿಂದಲೇ ಎಣಿಸುವ ವಾಡಿಕೆಯಿದೆ. 1935ರಲ್ಲಿ ಟೆಸ್ಟೋಸ್ಟೆರೋನ್ ಬೇರ್ಪಡಿಸುವ ಮುನ್ನ ಗಂಡು ಹಾರ್ಮೋನಿನ ಬಲವನ್ನು ಅಳೆಯುತ್ತಿದ್ದದ್ದೂ ಕೇಪನ್ನಿನ ಜುಟ್ಟು ಎಷ್ಟು ಬೆಳೆಯಿತೆಂದು ನೋಡಿಯೇ.

ಆ ಜ್ಞಾನ ತಿರುಗಿ ಕೋಳಿಗೂಡಿಗೆ ಬಂತು. 1940ರ ದಶಕದಲ್ಲಿ ಅಮೆರಿಕದ ಸಾಕಣೆಗಾರರು ಚಾಕು ಬಿಟ್ಟು, ಕೃತಕ ಹೆಣ್ಣು ಹಾರ್ಮೋನಾದ ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್ ಗುಳಿಗೆಯನ್ನು ಹುಂಜದ ಕತ್ತಿನ ಚರ್ಮದಡಿ ಸೇರಿಸತೊಡಗಿದರು. ತಲೆ ಕತ್ತರಿಸಿ ಎಸೆಯುವುದರಿಂದ ಔಷಧದ ಶೇಷವೂ ಹೋಗುತ್ತದೆಂಬ ನಂಬಿಕೆ. ಎಸೆದ ತಲೆಗಳು ತುಪ್ಪಳಕ್ಕಾಗಿ ಮಿಂಕ್ ಸಾಕುವವರ ಕೈಸೇರಿ, ತಿಂದ ಮಿಂಕ್‌ಗಳು ಮರಿ ಹಾಕುವುದನ್ನೇ ನಿಲ್ಲಿಸಿದವು. ಕೋಳಿಯ ಕೊಬ್ಬು, ಚರ್ಮ, ಪಿತ್ತಜನಕಾಂಗಗಳಲ್ಲಿ ಶೇಷ ಕಂಡುಬಂದು 1959ರಲ್ಲಿ ಕೋಳಿಗಳಿಗೆ ಅದರ ಬಳಕೆ ನಿಂತಿತು. ಆ ಹೊತ್ತಿಗೆ ಕೇಪನ್ನಿನ ಕಾಲವೂ ಮುಗಿಯುತ್ತ ಬಂದಿತ್ತು. 1948ರಲ್ಲಿ ಅಂತಿಮ ಸುತ್ತು ಕಂಡ ‘ನಾಳಿನ ಕೋಳಿ’ ಸ್ಪರ್ಧೆ ಮಾಂಸಕ್ಕೆಂದೇ ಬೆಳೆಯುವ ತಳಿಗಳಿಗೆ ದಾರಿ ಮಾಡಿತು. ಇಂದಿನ ಬ್ರಾಯ್ಲರ್ ಆರೇಳು ವಾರಕ್ಕೇ, ಜುಟ್ಟು ಬಲಿಯುವ ಮೊದಲೇ ಕಟುಕನ ಅಂಗಡಿಗೆ ಬರುತ್ತದೆ. ಹುಂಜದ ಮಾಂಸ ನಾರಾಗುವಷ್ಟು ದಿನ ಕಾಯುವವರೇ ಇಲ್ಲದಿದ್ದಾಗ ಬೀಜ ತೆಗೆಯುವ ಕಾರಣವೂ ಉಳಿಯಲಿಲ್ಲ.

ಉಳಿದದ್ದು ಹಬ್ಬದ ಪೇಟೆ. ಪೋರ್ಚುಗಲ್‌ನ ಫ್ರಿಯಾಮುಂಡೆಯಲ್ಲಿ ಡಿಸೆಂಬರ್ 13ರಂದು, ಸ್ಪೇನ್‌ನ ವಿಲಾಲ್ಬಾದಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಕೇಪನ್ ಸಂತೆ ಕೂಡುತ್ತದೆ. ಫ್ರಾನ್ಸ್‌ನ ಬ್ರೆಸ್ ಸೀಮೆ ಎಲ್ಲಕ್ಕಿಂತ ಹೆಸರುವಾಸಿ. ಬಿಳಿ ಪುಕ್ಕ, ನೀಲಿ ಕಾಲಿನ ಅಲ್ಲಿನ ತಳಿಗೆ 1957ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಹುಲ್ಲುಗಾವಲಿನಲ್ಲಿ ಮೇಯಿಸಿ, ಮುಸುಕಿನ ಜೋಳ ಮತ್ತು ಹಾಲು ಕೊಟ್ಟು, ಕೊನೆಯ ವಾರಗಳಲ್ಲಿ ಅರೆಗತ್ತಲ ಮರದ ಗೂಡಿನಲ್ಲಿ ಕೊಬ್ಬಿಸಿ, ಎಂಟು ತಿಂಗಳಿಗೆ ಕೊಯ್ಯುತ್ತಾರೆ. ಕೊಯ್ದ ಹಕ್ಕಿಯನ್ನು ತಲೆ, ಕತ್ತಿನ ಪುಕ್ಕ ಹೊರಗುಳಿಯುವಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿಯುತ್ತಾರೆ. ಇದರಿಂದ ಕೊಬ್ಬು ಮಾಂಸದೊಳಕ್ಕೆ ಒತ್ತಿಕೊಂಡು ಕೋಳಿ ದುಂಡು ಉರುಳೆಯಂತಾಗುತ್ತದೆ. 1862ರಿಂದ ನಡೆದುಬಂದ ಡಿಸೆಂಬರ್ ಸ್ಪರ್ಧೆಯಲ್ಲಿ ಈ ಹೊಲಿಗೆಗೂ ಅಂಕವುಂಟು.

ಬೀಜ ತೆಗೆಯುವುದು ಹಕ್ಕಿಗೆ ಹಿಂಸೆ ಎಂಬ ಆಕ್ಷೇಪ ಇತ್ತೀಚಿನ ದಶಕಗಳಲ್ಲಿ ಬಲವಾಗಿದೆ. ಬ್ರಿಟನ್‌ನಲ್ಲಿ ಇದಕ್ಕೆ ಅನುಮತಿಯಿಲ್ಲ. ಐರೋಪ್ಯ ಒಕ್ಕೂಟ ಅವಕಾಶ ಕೊಟ್ಟರೂ 2008ರ ನಿಯಮಗಳಲ್ಲಿ ಷರತ್ತು ಹಾಕಿದೆ: ಕೇಪನ್ ಎಂಬ ಹೆಸರಿನಲ್ಲಿ ಮಾರಬೇಕಾದರೆ ಹಕ್ಕಿಗೆ ಕನಿಷ್ಠ 140 ದಿನ ತುಂಬಿರಬೇಕು, ಬೀಜ ತೆಗೆದ ಮೇಲೆ 77 ದಿನವಾದರೂ ಮೇಯಿಸಿರಬೇಕು.