ಸಭೆಯೆಂಬ ತವರುಮನೆ

ಕೊಣ್ಣೂರಿನ ಮಗ್ಗುಲಲ್ಲಿ ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಗೋಕಾಕದ ಜಲಪಾತದ ದಂಡೆಯ ಮೇಲೆ, ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ, ನೀರಿನ ಬಲದಿಂದ ನೂಲು ತೆಗೆಯುವ ಗಿರಣಿಯು ತಲೆಯೆತ್ತಿದಾಗ, ಹುಟ್ಟೂರಿನ ಹೊಲಮನೆಗಳನ್ನು ಬಿಟ್ಟು ಬಂದ ಎಳೆಯ ದಂಪತಿಗಳು ಚಾಳಗಳಲ್ಲಿ ಸಂಸಾರ ಹೂಡಿದರು. ಗಿರಣಿಯು ಕೂಲಿಯನ್ನೇನೋ ಕೊಟ್ಟೀತು. ಚೊಚ್ಚಲ ಬಸುರಿಗೆ ತವರನ್ನೂ, ಕೂಸಿನ ತೊಟ್ಟಿಲ ಬಳಿ ನಿಲ್ಲಲು ಸೋದರಮಾವನನ್ನೂ ಅದು ಎಲ್ಲಿಂದ ತಂದೀತು? ಈ ಕೊರತೆಯನ್ನು ಗಿರಣಿಗಳಿಗಿಂತ ಬಹು ಹಿಂದೆಯೇ, ಇದಕ್ಕಿಂತಲೂ ಕಠೋರವಾಗಿ ಅನುಭವಿಸಿದವರು ನಮ್ಮ ಸೀಮೆಯ ಮೊದಲ ಕ್ರೈಸ್ತ ಕುಟುಂಬಗಳವರು.

ಲಂಡನ್ ಮಿಶನ್ನಿನವರು 1820ರಲ್ಲಿ ಬೆಳಗಾವಿಗೆ ಬಂದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆಯೂರಿದರು. ದೀಕ್ಷಾಸ್ನಾನವನ್ನು ಹೊಂದಿದವನಿಗೆ ಕುಲದ ಪಂಕ್ತಿಯೂ ಮನೆಯ ಬಾಗಿಲೂ ಒಟ್ಟಿಗೆ ಮುಚ್ಚುತ್ತಿದ್ದ ಕಾಲವದು. 1850ರ 21ನೆಯ ಕಾಯಿದೆಯು, ಮತಾಂತರ ಹೊಂದಿದವನು ಪಿತ್ರಾರ್ಜಿತದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲವೆಂದು ವಿಧಿಸಿತು. ಆದರೆ ಆಸ್ತಿಯ ಪಾಲನ್ನು ಕೊಡಿಸಬಲ್ಲ ಕಾಯಿದೆಯು, ಏಳನೆಯ ತಿಂಗಳಲ್ಲಿ ಮಗಳನ್ನು ಕರೆದೊಯ್ಯಲು ಬರಬೇಕಾದ ತಾಯಿಯನ್ನು ಕರೆತರಲಾರದಾಯಿತು.

ಬಾಸೆಲ್ ಮಿಶನರಿಗಳು ಈ ಕೊರತೆಗೆ ಮೊದಲಾಗಿ ಕಂಡುಕೊಂಡ ಉಪಾಯ ನೆಲದ ಮತ್ತು ದುಡಿಮೆಯ ಉಪಾಯ. ಗದಗಿನ ಸಮೀಪದ ಮಲಸಮುದ್ರದಲ್ಲಿ ಅವರು ಬೇಸಾಯದ ಒಂದು ಕ್ರೈಸ್ತ ಕೇರಿಯನ್ನೇ ಕಟ್ಟಹೊರಟರು; ಅದು ಬಹುಕಾಲ ಬಾಳಲಿಲ್ಲ. ಕರಾವಳಿಯಲ್ಲಿ ಮಗ್ಗಗಳು ಬಂದವು, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯು ಬಂದಿತು. ಇವುಗಳಿಂದ ಸಾವಿರಾರು ಒಲೆಗಳು ಹೊತ್ತಿದುದು ಸತ್ಯ, ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊತ್ತಿದ ಒಲೆಯ ಮುಂದೆ ಇಬ್ಬರೇ ಕುಳಿತಿರುವ ಮನೆಯು ಮನೆತನವಾಗುವುದಕ್ಕೆ ಬೇರೊಂದು ಬೇಕಿದ್ದಿತು, ಮತ್ತು ಅದನ್ನು ಒದಗಿಸಿದವರು ಬಹುಮಟ್ಟಿಗೆ ಕ್ರೈಸ್ತ ಸಭೆಯ ಹೆಂಗಸರು ಎಂದೇ ನನ್ನ ದೃಢವಾದ ನಂಬಿಕೆ.

ಹಿಡಿಧಾನ್ಯದ ಪದ್ಧತಿಯನ್ನೇ ನೋಡಿರಿ. ಮನೆಯೊಡತಿಯು ಹೊತ್ತಿನ ಅಡಿಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆದುಕೊಂಡ ಬಳಿಕ, ಆ ಅಳತೆಯಿಂದಲೇ ಒಂದು ಹಿಡಿಯನ್ನು ತೆಗೆದು ಮೂಲೆಯ ಗಡಿಗೆಗೆ ಹಾಕುವಳು. ಉಳಿದದ್ದರಿಂದಲ್ಲ, ಉಣ್ಣುವುದರಿಂದ ತೆಗೆದದ್ದು ಅದು. ಭಾನುವಾರ ಆ ಗಡಿಗೆಯು ಸೆರಗಿನ ಮರೆಯಲ್ಲಿ ದೇವಾಲಯಕ್ಕೆ ಬರುವುದು. ನಿನ್ನೆಮೊನ್ನೆ ಮದುವೆಯಾಗಿ ಬಂದ ಹುಡುಗಿಯೂ ಹಿಡಿ ಹಾಕುವಳು, ಮುದುಕಿಯೂ ಹಾಕುವಳು. ಎಲ್ಲರ ಹಿಡಿಯೂ ಒಂದೇ ರಾಶಿಯಲ್ಲಿ ಬೆರೆತ ಮೇಲೆ ಯಾರದು ಯಾವುದೆಂದು ಹೇಳಬಲ್ಲವರಿಲ್ಲ. ಅದರ ಜೊತೆಗೆ ಸ್ತ್ರೀಯರ ಕೂಟ, ಮಕ್ಕಳಿಗೆ ಭಾನುವಾರದ ಶಾಲೆ, ಸರದಿಯ ಮೇಲೆ ಒಂದೊಂದು ಮನೆಯಲ್ಲಿ ನಡೆಯುವ ಸಂಜೆಯ ಪ್ರಾರ್ಥನೆ. ಆ ಪ್ರಾರ್ಥನೆಯ ನೆವದಿಂದಲೇ ಬಾಣಂತಿಯ ಮನೆಯ ಹೊಸ್ತಿಲನ್ನು ಹತ್ತು ಜನ ತುಳಿಯುತ್ತಿದ್ದರು. ಇನ್ನು ಕೂಸಿನ ದೀಕ್ಷಾಸ್ನಾನದಂದು ತಾಯಿತಂದೆಗಳಷ್ಟೇ ಅಲ್ಲದೆ ನೆರೆದ ಸಭೆಯೂ, ಈ ಮಗುವನ್ನು ಪೋಷಿಸುವೆವು ಎಂಬ ಮಾತನ್ನು ಕೊಡುವ ಕ್ರಮವುಂಟಷ್ಟೆ; ಸೋದರಮಾವನಿಲ್ಲದ ಕೂಸಿಗೆ ಆ ಒಂದು ಗಳಿಗೆಯಲ್ಲಿ ಇಡೀ ಗುಡಿಯೇ ಸೋದರಮಾವನಾಗಿ ನಿಲ್ಲುತ್ತಿದ್ದಿತು.

ಈ ಬೆಸುಗೆಯು ಎಷ್ಟು ಗಟ್ಟಿಯೆಂಬುದಕ್ಕೆ 1914ರ ಮಹಾಯುದ್ಧವೇ ಪರೀಕ್ಷೆಯಾಯಿತು. ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಸೆರೆಯಾಳುಗಳಾಗಿ ದೇಶವನ್ನು ಬಿಡಬೇಕಾಯಿತು. ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೊರಗಿನ ಆನಿಕೆ ಕಳಚಿಬಿದ್ದಿತು, ಆದರೂ ಸಭೆಗಳು ಚದುರಲಿಲ್ಲ.

ಒಂದೊಂದು ಸಭೆಯ ಎಲ್ಲೆಯನ್ನು ಮೀರಿಯೂ ಈ ಬಳಗವು ಬೆಳೆಯಿತು. ಬೆಳಗಾವಿಯ ಕಾರ್ಯವು ಲಂಡನ್ ಮಿಶನ್ನಿನಿಂದ 1904ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಗೆ ಬಂದಿತ್ತು. ಅದೇ ಮೆಥಡಿಸ್ಟ್ ಸಭೆಯವರು 1923ರಲ್ಲಿ ವಿಕಾರಾಬಾದಿನ ಹತ್ತಿರ ಧಾರೂರಿನ ಕಾಡಿನಲ್ಲಿ ಒಂದು ಕ್ರಿಸ್ತಜಾತ್ರೆಯನ್ನು ಆರಂಭಿಸಿದರು. ಜಾತ್ರೆಯೆಂಬ ಹೆಸರನ್ನೇ ಆಯ್ದುದರಲ್ಲಿ ಈ ನೆಲದ ಮನಸ್ಸನ್ನು ಬಲ್ಲವರ ವಿವೇಕವಿದೆ; ಯಾಕೆಂದರೆ ನಮ್ಮವರಿಗೆ ಜಾತ್ರೆಯೆಂದರೆ ದೇವರ ದರ್ಶನದಷ್ಟೇ ಬಂಧುಗಳ ದರ್ಶನವೂ ಹೌದು. ತೆಲುಗರೂ ಕನ್ನಡಿಗರೂ ನವೆಂಬರದಲ್ಲಿ ಬುತ್ತಿ ಕಟ್ಟಿಕೊಂಡು ಬಂದು, ಮರದಡಿಯಲ್ಲಿ ಡೇರೆ ಹೂಡಿ, ಮೂರು ಕಲ್ಲಿನ ಒಲೆಗಳ ಸುತ್ತ ಕೂಡಿದಾಗ, ಮನೆತನವಿಲ್ಲವೆಂದು ಹಲುಬುತ್ತಿದ್ದ ಸಂಸಾರಗಳಿಗೆ ಕಣ್ಣಳತೆಯನ್ನು ಮೀರಿದ ಬಳಗವೇ ಕಾಣಿಸಿತು.

ಚಿಕ್ಕ ಊರುಗಳ ಸಭೆಗಳಲ್ಲಿ ಸುಗ್ಗಿಯ ಹಬ್ಬವೇ ಅಂಥ ಜಾತ್ರೆ. ಬೆಳೆದವರು ತಂದ ಮೊದಲ ತೆನೆ, ಕುಂಬಳಕಾಯಿ, ಕೋಳಿ, ಬೆಲ್ಲದ ಪೆಂಟೆಗಳನ್ನು ಪ್ರಾರ್ಥನೆಯಾದ ಮೇಲೆ ಅಂಗಳದಲ್ಲಿ ಇಟ್ಟು ಸವಾಲು ಕೂಗುವರು. ಪೇಟೆಯ ಬೆಲೆಗಿಂತ ಎರಡು ಪಟ್ಟು ಕೂಗಿ ಕುಂಬಳಕಾಯಿಯನ್ನು ಹಿಡಿದ ಎಳೆಯ ಗಂಡನು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಾನೆ. ಹೆಂಡತಿಯು ಕಂಕುಳಲ್ಲಿ ಕೂಸಿದ್ದಂತೆಯೇ ಈಳಿಗೆಯನ್ನು ಕೇಳಿ ತರುತ್ತಾಳೆ. ಅಲ್ಲಿಯೇ ಅದನ್ನು ಹೋಳು ಮಾಡಿ, ಮೊದಲ ಹೋಳನ್ನು ಅದನ್ನು ಬೆಳೆದು ತಂದವಳ ಉಡಿಗೆ ಹಾಕಿ, ಉಳಿದುದನ್ನು ನೆರೆದವರಿಗೆ ಹಂಚುತ್ತಾರೆ.