ಕ್ರಾಸ್-ಕಂಟ್ರಿ ಸ್ಕೀಯಿಂಗ್ ತರಬೇತಿ

ಕ್ರಾಸ್-ಕಂಟ್ರಿ ಸ್ಕೀಯಿಂಗ್ ಎಂಬುದು ಹಿಮ ಮುಚ್ಚಿದ ಏರಿಳಿತದ ಹಾದಿಯಲ್ಲಿ ಸ್ಪರ್ಧಿಯು ಸ್ವಂತ ದೇಹಬಲದಿಂದಲೇ ಸಾಗುವ ಚಳಿಗಾಲದ ಕ್ರೀಡೆ. ಬೆಟ್ಟದ ತುದಿಯಿಂದ ಕೆಳಗೆ ಜಾರುವ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಗುರುತ್ವಾಕರ್ಷಣೆಯೇ ವೇಗವನ್ನು ಒದಗಿಸುತ್ತದೆ. ಇಲ್ಲಿ ಏರುದಾರಿಯನ್ನೂ ಕಾಲು ಮತ್ತು ಕೈಕೋಲುಗಳ ಬಲದಿಂದ ಹತ್ತಬೇಕಾಗುತ್ತದೆ. ಹೀಗಾಗಿ ಇದರ ತರಬೇತಿಯು ದೂರದ ಓಟದ ತರಬೇತಿಯನ್ನು ಬಹಳಮಟ್ಟಿಗೆ ಹೋಲುತ್ತದೆ. ವ್ಯತ್ಯಾಸವೆಂದರೆ, ವರ್ಷದ ಹೆಚ್ಚಿನ ಭಾಗ ಕ್ರೀಡಾಪಟುವಿಗೆ ತನ್ನ ಕ್ರೀಡೆಯ ನೆಲವಾದ ಹಿಮವೇ ಸಿಗುವುದಿಲ್ಲ.

== ಶೈಲಿಗಳು ==
ಸ್ಪರ್ಧೆಗಳಲ್ಲಿ ಎರಡು ಶೈಲಿಗಳಿವೆ. ಕ್ಲಾಸಿಕ್ ಶೈಲಿಯಲ್ಲಿ ಎರಡೂ ಸ್ಕೀಗಳು ಹಿಮದಲ್ಲಿ ಕೊರೆದ ಸಮಾನಾಂತರ ಜಾಡುಗಳಲ್ಲಿ ಮುಂದೆ ಸಾಗುತ್ತವೆ. ಫ್ರೀಸ್ಟೈಲ್ ಅಥವಾ ಸ್ಕೇಟಿಂಗ್ ಶೈಲಿಯಲ್ಲಿ ಸ್ಪರ್ಧಿಯು ಐಸ್ ಸ್ಕೇಟಿಂಗ್ ಮಾಡುವವರಂತೆ ಸ್ಕೀಯನ್ನು ಓರೆಯಾಗಿ ಒತ್ತಿ ಮುನ್ನುಗ್ಗುತ್ತಾನೆ. 1982ರಲ್ಲಿ ವಿಶ್ವಕಪ್ ಗೆದ್ದ ಅಮೆರಿಕದ ಬಿಲ್ ಕಾಕ್ ಈ ಎರಡನೆಯ ಶೈಲಿಯನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು.

== ಕಾಲೇಜು ತಂಡಗಳು ==
ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕ್ರೀಡೆಯ ಬಹುಮುಖ್ಯ ನೆಲೆ ಕಾಲೇಜುಗಳು. ಅಲ್ಲಿನ ಎನ್‌ಸಿಎಎ ಸಂಸ್ಥೆಯ ಸ್ಕೀಯಿಂಗ್ ಚಾಂಪಿಯನ್‌ಷಿಪ್ 1954ರಲ್ಲಿ ಆರಂಭವಾಯಿತು. 1983ರಿಂದ ಪುರುಷರ ಮತ್ತು ಮಹಿಳೆಯರ ಅಂಕಗಳನ್ನು ಒಟ್ಟುಗೂಡಿಸಿ ಒಂದೇ ತಂಡ ಪ್ರಶಸ್ತಿ ನೀಡಲಾಗುತ್ತಿದೆ. ಆಲ್ಪೈನ್ ವಿಭಾಗದ ಅಂಕಗಳೂ ಇದರಲ್ಲೇ ಸೇರುವುದರಿಂದ, ಪರಸ್ಪರ ಬೇರೆ ಬೆಟ್ಟಗಳಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಒಂದೇ ಪ್ರಶಸ್ತಿಗಾಗಿ ಸ್ಪರ್ಧಿಸುತ್ತಾರೆ. ಅತಿ ಹೆಚ್ಚು ಬಾರಿ ಪ್ರಶಸ್ತಿ ಗೆದ್ದಿರುವುದು ಡೆನ್ವರ್ ವಿಶ್ವವಿದ್ಯಾಲಯ. ಮುಖ್ಯ ಸ್ಪರ್ಧೆಗಳು ಜನವರಿ ಮತ್ತು ಫೆಬ್ರವರಿಯಲ್ಲಿ ನಡೆದು, ಚಾಂಪಿಯನ್‌ಷಿಪ್ ಮಾರ್ಚ್‌ನಲ್ಲಿ ಜರುಗುತ್ತದೆ.

== ಹಿಮವಿಲ್ಲದ ತಿಂಗಳುಗಳು ==
ತರಬೇತಿಯ ವರ್ಷ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಮೊದಲಾಗುತ್ತದೆ. ಓಟ, ಸೈಕಲ್ ಸವಾರಿ, ಭಾರ ಎತ್ತುವಿಕೆ ಮತ್ತು ರೋಲರ್ ಸ್ಕೀ ಇದರ ಅಂಗಗಳು. ರೋಲರ್ ಸ್ಕೀ ಎಂದರೆ ಎರಡು ತುದಿಗಳಲ್ಲಿ ಚಕ್ರಗಳಿರುವ ಗಿಡ್ಡ ಸ್ಕೀ. ಡಾಂಬರು ರಸ್ತೆಯಲ್ಲಿ ಇದರ ಮೇಲೆ ಸ್ಕೀಯಿಂಗ್‌ನ ಚಲನೆಗಳನ್ನೇ ಅಭ್ಯಾಸ ಮಾಡಬಹುದು. ಬಹುತೇಕ ರೋಲರ್ ಸ್ಕೀಗಳಿಗೆ ಬ್ರೇಕ್ ಇರುವುದಿಲ್ಲ. ಕೈಕೋಲು ಹಿಡಿದು ಕಡಿದಾದ ಏರನ್ನು ಜಿಗಿಜಿಗಿದು ಹತ್ತುವುದು ಶರತ್ಕಾಲದ ಅತ್ಯಂತ ಶ್ರಮದಾಯಕ ಅಭ್ಯಾಸ.

ಹೊರಗಿನಿಂದ ನೋಡುವವರಿಗೆ ಅಚ್ಚರಿ ತರುವ ಸಂಗತಿಯೆಂದರೆ, ಒಟ್ಟು ತರಬೇತಿಯ ಬಹುಪಾಲು ನಿಧಾನಗತಿಯದು. ಸಹ ಆಟಗಾರನೊಂದಿಗೆ ಸರಾಗವಾಗಿ ಮಾತನಾಡಬಲ್ಲಷ್ಟು ಮಂದವೇಗದಲ್ಲಿ ಗಂಟೆಗಟ್ಟಲೆ ಸಾಗಲಾಗುತ್ತದೆ. ಏದುಸಿರು ಬಿಡಿಸುವ ಅಭ್ಯಾಸ ವಾರಕ್ಕೆ ಕೆಲವೇ ಬಾರಿ. ಈ ಅನುಪಾತ ತಪ್ಪಿ ಪ್ರತಿದಿನವೂ ಮಧ್ಯಮ ವೇಗದಲ್ಲಿ ದಣಿಯುವುದು ಹೊಸಬರ ಸಾಮಾನ್ಯ ದೋಷ.

== ಮೊದಲ ಹಿಮ, ಮೊದಲ ಸ್ಪರ್ಧೆ ==
ನವೆಂಬರ್‌ನಲ್ಲಿ ತಂಡಗಳು ಹಿಮವನ್ನರಸಿ ಎತ್ತರದ ಪ್ರದೇಶಗಳಿಗೆ ತೆರಳುತ್ತವೆ. ಅಮೆರಿಕದ ಮೊಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಇಂತಹ ಶಿಬಿರಗಳಿಗೆ ಹೆಸರಾಗಿದೆ. ಸುಮಾರು 2,000 ಮೀಟರ್ ಎತ್ತರದ ಆ ಊರಿನಲ್ಲಿ ಆಮ್ಲಜನಕದ ಒತ್ತಡ ಕಡಿಮೆ. ತಿಂಗಳುಗಟ್ಟಲೆ ಕಾದು ಹಿಮ ಕಂಡ ಉತ್ಸಾಹದಲ್ಲಿ ಮೊದಲ ದಿನಗಳಲ್ಲೇ ಹೆಚ್ಚು ದೂರ ಸಾಗಿದವರು ಡಿಸೆಂಬರ್ ಪೂರ್ತಿ ಬಳಲಿಕೆ ಅನುಭವಿಸುವುದುಂಟು. ಋತುವಿನ ಆರಂಭದ ಸ್ಪರ್ಧೆಗಳನ್ನು ಅನೇಕ ತರಬೇತುದಾರರು ಫಲಿತಾಂಶಕ್ಕಿಂತ ಪರೀಕ್ಷೆಯಾಗಿ ಕಾಣುತ್ತಾರೆ: ಉಪಕರಣ, ಆರಂಭದ ವೇಗ, ಇಳಿಜಾರಿನ ತಿರುವುಗಳಲ್ಲಿನ ಸಮತೋಲನ ಇವೆಲ್ಲ ಅಲ್ಲಿ ಒರೆಗೆ ಹತ್ತುತ್ತವೆ.

ಹಿಮಪಾತ ತಡವಾಗುತ್ತಿರುವ ಕಾರಣ ಕೃತಕ ಹಿಮದ ಕಿರಿದಾದ ಸುತ್ತುಗಳಲ್ಲಿ ಸ್ಪರ್ಧೆ ನಡೆಸುವುದು ಹೆಚ್ಚಾಗಿದೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹಿಂದಿನ ಚಳಿಗಾಲದ ಹಿಮವನ್ನು ಮರದ ಹೊಟ್ಟಿನಡಿ ಬೇಸಗೆಯುದ್ದಕ್ಕೂ ಕಾಪಿಟ್ಟು, ಮುಂದಿನ ಋತುವಿನ ಆರಂಭಕ್ಕೆ ಹಾದಿಯ ಮೇಲೆ ಹರಡಲಾಗುತ್ತದೆ.

== ಮೇಣ ==
ಸ್ಕೀಯ ಅಡಿಗೆ ಬಳಿಯುವ ಮೇಣ ಸ್ಪರ್ಧೆಯ ಗತಿಯನ್ನೇ ಬದಲಿಸಬಲ್ಲದು. ಕ್ಲಾಸಿಕ್ ಸ್ಕೀಯ ನಡುಭಾಗಕ್ಕೆ ಹಿಮವನ್ನು ಹಿಡಿಯುವ ಮೇಣ, ತುದಿಗಳಿಗೆ ಜಾರುವ ಮೇಣ ಬೇಕು. ಹಿಮದ ಉಷ್ಣಾಂಶ ಒಂದೆರಡು ಡಿಗ್ರಿ ಬದಲಾದರೂ ಬೆಳಗಿನ ಆಯ್ಕೆ ಮಧ್ಯಾಹ್ನಕ್ಕೆ ತಪ್ಪಾಗಬಹುದು. ಫ್ಲೋರಿನ್‌ಯುಕ್ತ ಮೇಣಗಳು ಅತಿ ವೇಗ ನೀಡುತ್ತಿದ್ದವಾದರೂ ಅವುಗಳ ರಾಸಾಯನಿಕಗಳು ಮಣ್ಣಿನಲ್ಲೂ ದೇಹದಲ್ಲೂ ಸುಲಭವಾಗಿ ಕರಗದೆ ಉಳಿಯುತ್ತವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 2023–24ರ ಋತುವಿನಿಂದ ಅವುಗಳ ಮೇಲಿನ ನಿಷೇಧವನ್ನು ಜಾರಿಗೆ ತಂದಿತು.

== ಆರೋಗ್ಯ ==
ಶೀತಲವಾದ ಒಣಗಾಳಿಯನ್ನು ದೀರ್ಘಕಾಲ ರಭಸದಿಂದ ಉಸಿರಾಡುವ ಈ ಕ್ರೀಡಾಪಟುಗಳಲ್ಲಿ ಆಸ್ತಮಾದಂತಹ ಶ್ವಾಸನಾಳದ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಅತಿ ಚಳಿಯಲ್ಲಿ, ಅಂದರೆ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ, ಸ್ಪರ್ಧೆಯನ್ನು ಮುಂದೂಡುವುದು ಅಥವಾ ರದ್ದುಪಡಿಸುವುದು ವಾಡಿಕೆ. ಇನ್ನೊಂದು ಅಪಾಯ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಹಗುರವಾದಷ್ಟೂ ವೇಗ ಹೆಚ್ಚೆಂಬ ನಂಬಿಕೆಯಿಂದ ದುಡಿಮೆಗೆ ತಕ್ಕ ಆಹಾರ ಸೇವಿಸದ ವಿದ್ಯಾರ್ಥಿಗಳಲ್ಲಿ ಮುಟ್ಟು ನಿಲ್ಲುವುದು, ಮೂಳೆಗಳಲ್ಲಿ ಸೂಕ್ಷ್ಮ ಬಿರುಕು ಮೂಡುವುದು, ಪದೇ ಪದೇ ಕಾಯಿಲೆ ಬೀಳುವುದು ಸಂಭವಿಸುತ್ತದೆ. ಪುರುಷರೂ ಇದಕ್ಕೆ ಹೊರತಲ್ಲ.

== ಭಾರತದಲ್ಲಿ ==
ಸುಮಾರು 2,650 ಮೀಟರ್ ಎತ್ತರದ ಕಾಶ್ಮೀರದ ಗುಲ್ಮಾರ್ಗ್ ಹಾಗೂ ಉತ್ತರಾಖಂಡದ ಔಲಿ ದೇಶದ ಮುಖ್ಯ ಸ್ಕೀ ತಾಣಗಳು. ಒಲಿಂಪಿಕ್ಸ್‌ನ ಕ್ರಾಸ್-ಕಂಟ್ರಿ ಸ್ಪರ್ಧೆಯಲ್ಲಿ ಭಾರತವನ್ನು 2006ರಲ್ಲಿ ಬಹಾದುರ್ ಗುಪ್ತಾ, 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್ ಮತ್ತು 2018ರಲ್ಲಿ ಜಗದೀಶ್ ಸಿಂಗ್ ಪ್ರತಿನಿಧಿಸಿದರು. 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವು ಹಿಮವಿಲ್ಲದ ರಾಜ್ಯಗಳ ಸ್ಪರ್ಧಿಗಳಿಗೂ ವೇದಿಕೆ ಒದಗಿಸಿತು.

=== ಕರ್ನಾಟಕ ===
ಹಿಮವನ್ನೇ ಕಾಣದ ಕರ್ನಾಟಕದಿಂದ ಈ ಕ್ರೀಡೆಯಲ್ಲಿ ಹೆಸರು ಮಾಡಿದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಖೇಲೋ ಇಂಡಿಯಾ ಕೂಟಗಳಲ್ಲಿ ಚಿನ್ನದ ಪದಕಗಳನ್ನು ಗೆದ್ದ ಅವರು, 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ವಿಭಾಗದಲ್ಲಿ ಕಂಚಿನ ಪದಕ ಪಡೆದರು. ದಕ್ಷಿಣಾರ್ಧ ಗೋಳದ ಚಳಿಗಾಲವು ಭಾರತದ ಮಳೆಗಾಲದೊಂದಿಗೆ ಹೊಂದಿಕೆಯಾಗುವುದರಿಂದ, ಗುಲ್ಮಾರ್ಗ್‌ನಲ್ಲಿ ಹಿಮವಿಲ್ಲದ ತಿಂಗಳುಗಳಲ್ಲೂ ಅಲ್ಲಿ ಸ್ಪರ್ಧಿಸಲು ಸಾಧ್ಯ. ಪ್ರಯಾಣದ ವೆಚ್ಚ ಮಾತ್ರ ಭಾರಿ.

ಬೆಂಗಳೂರಿನಲ್ಲಿ ಅಭ್ಯಾಸ ಮಾಡುವವರು ಓಟ, ಸೈಕಲ್ ಮತ್ತು ರೋಲರ್ ಸ್ಕೀಗಳನ್ನೇ ಅವಲಂಬಿಸಬೇಕು. ನಗರವು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗುಲ್ಮಾರ್ಗ್‌ಗೆ ಹೋದವರು ಒಮ್ಮೆಗೇ ಸುಮಾರು 1,700 ಮೀಟರ್ ಮೇಲೇರಿದಂತಾಗುತ್ತದೆ. ಹೊಂದಿಕೊಳ್ಳಲು ಕೆಲವು ದಿನ ಮೊದಲೇ ತಲುಪುವುದು ಅಗತ್ಯ. ಯಲಹಂಕದಿಂದ ಉತ್ತರಕ್ಕೆ ಸಾಗುವ ಸೈಕಲ್ ಸವಾರರಿಗೆ ಚಿರಪರಿಚಿತವಾದ, 1,478 ಮೀಟರ್ ಎತ್ತರದ ನಂದಿಬೆಟ್ಟದ ರಸ್ತೆ ದೀರ್ಘ ಏರಿನ ಅಭ್ಯಾಸಕ್ಕೆ ಒದಗುವಂಥದು. ಆದರೆ ತಿರುವುಗಳೂ ವಾಹನ ಸಂಚಾರವೂ ಇರುವ ಆ ಇಳಿಜಾರಿನಲ್ಲಿ ಬ್ರೇಕಿಲ್ಲದ ರೋಲರ್ ಸ್ಕೀ ಮೇಲೆ ಇಳಿಯುವುದು ಅಪಾಯಕಾರಿ.